ಮರ ಸವರುವ ಮೊದಲು ಹೂ ನೋಡಿ: ರಸ್ತೆ ಬದಿ ಮರ, ಜೇನು, ದುಂಬಿಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಸಣ್ಣ ಊರು. ರಸ್ತೆ ಬದಿ ಮತ್ತು ಪಾರ್ಕಿನ ಮರಗಳನ್ನು ನೋಡಿಕೊಳ್ಳುವ ಸಮಿತಿಯಲ್ಲಿ ನಾನೂ ಇದ್ದೇನೆ. ಜೇನು, ಚಿಟ್ಟೆಗಳು ಕಮ್ಮಿಯಾಗಿವೆ ಅಂತ ಎಲ್ಲರಿಗೂ ಬೇಸರ. ಹೂಗಿಡ ನೆಡೋಣ ಅಂತ ಸ್ವಲ್ಪ ಹಣ ಎತ್ತಿಟ್ಟಿದ್ದೇವೆ. ಇನ್ನೊಂದು ಕಡೆ ಹೊಂಗೆ ಮರಗಳ ಕೊಂಬೆ ಕಡಿಯುವ ಕೆಲಸ ಮುಂದಿನ ವಾರ ಶುರುವಾಗುತ್ತದೆ. ಯಾವ ಹೂಗಿಡ ನೆಟ್ಟರೆ ಒಳ್ಳೆಯದು?

ಉತ್ತರ (ಮರಗಳ ಆರೈಕೆ ತಜ್ಞೆ): ನಮಸ್ತೆ ಸರ್. ಹೂಗಿಡದ ಮಾತು ಆಮೇಲೆ. ಮೊದಲು ಆ ಹೊಂಗೆ ಮರಗಳ ಕೆಳಗೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿ. ಮೊಗ್ಗು ಬಂದಿದೆಯಾ? ಬಂದಿದ್ದರೆ ದಯವಿಟ್ಟು ಕೆಲಸ ಮುಂದಕ್ಕೆ ಹಾಕಿಸಿ. ಬೆಳೆದ ಒಂದು ಹೊಂಗೆ ಮರ ಹೂ ಬಿಟ್ಟಾಗ ಅದೇ ಒಂದು ಹೂದೋಟ. ಅಷ್ಟು ಹೂವನ್ನು ಕುಂಡಗಳಲ್ಲಿ ತರಲು ಆಗುವುದಿಲ್ಲ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಹೂ ತುಂಬಿದ ನೇರಳೆ ಮರವೊಂದನ್ನು ಸವರಿಸಿದ್ದೆ. ಕಡಿದು ರಾಶಿ ಹಾಕಿದ ಕೊಂಬೆಗಳ ಮೇಲೆ ಜೇನುಗಳು ಸಂಜೆವರೆಗೂ ಬಂದು ಕೂರುತ್ತಿದ್ದವು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒಣಗಿದ, ಮುರಿದು ನೇತಾಡುವ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಿರಿ, ಅದು ಜನರ ಜೀವದ ಪ್ರಶ್ನೆ. ಉಳಿದದ್ದು ಹೂ ಮುಗಿದ ಮೇಲೆ.

ಪ್ರಶ್ನೆ: ಹೂ ಮುಗಿದ ಮೇಲೆ ಎಷ್ಟು ಕಡಿಯಬಹುದು ಮೇಡಂ? ಕೆಲಸದವರು ಪ್ರತಿ ಸಲ ಮರದ ತಲೆಯನ್ನೇ ಬೋಳಿಸಿಬಿಡುತ್ತಾರೆ. ಹಾಗೆ ಮಾಡಿದರೆ ಚೆನ್ನಾಗಿ ಚಿಗುರುತ್ತದೆ ಅನ್ನುತ್ತಾರೆ.

ಉತ್ತರ: ಚಿಗುರುವುದು ನಿಜ. ಆದರೆ ಅದು ಖುಷಿಯ ಚಿಗುರಲ್ಲ ಸರ್. ಊಟ ತಯಾರಿಸುವ ಎಲೆ ಎಲ್ಲಾ ಹೋಯಿತು ಅಂತ ಮರ ಕೂಡಿಟ್ಟ ಶಕ್ತಿ ಸುರಿದು ಅವಸರದಲ್ಲಿ ಬಿಡುವ ಚಿಗುರು. ಆ ಹೊಸ ಕೊಂಬೆಗಳು ಕಾಂಡದ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಕೆಲವು ವರ್ಷದಲ್ಲಿ ದಪ್ಪವಾಗಿ, ಗಾಳಿ ಬಂದಾಗ ಅವೇ ಮೊದಲು ಮುರಿಯುತ್ತವೆ. ಅಪಾಯ ತಪ್ಪಿಸಲು ಅಂತ ಬೋಳಿಸಿ, ನಾವೇ ಅಪಾಯ ತಂದುಕೊಂಡ ಹಾಗಾಯಿತು. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹಳೆಯ ಮರಕ್ಕೆ ಇನ್ನೂ ಕಮ್ಮಿ.

ಎಲ್ಲಿ ಕಡಿಯಬೇಕು ಅನ್ನುವುದೂ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವ ಜಾಗದಲ್ಲಿ ಉಬ್ಬಿದ ಒಂದು ಸುತ್ತು ಕಾಣುತ್ತದೆ, ಅಂಗಿಯ ಕಾಲರ್ ಇದ್ದ ಹಾಗೆ. ನಾವು ಕಾಲರ್ ಅಂತಲೇ ಕರೆಯುತ್ತೇವೆ. ಅದಕ್ಕೆ ಗಾಯ ಮಾಡದೆ, ಸ್ವಲ್ಪ ಹೊರಗೆ ಕೊಯ್ಯಬೇಕು. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ. ಕಾಲರ್ ಕೊಯ್ದರೆ ಆ ಗೋಡೆ ಸರಿಯಾಗಿ ಏಳುವುದಿಲ್ಲ. ಗಾಯಕ್ಕೆ ಟಾರು, ಪೇಂಟು ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ. ಸುಮ್ನೆ ಬಿಡಿ.

ಇನ್ನೊಬ್ಬ ಸದಸ್ಯೆ: ಮೇಡಂ, ನಮ್ಮ ಬೀದಿ ಮರದಿಂದ ಕೆಳಗೆ ನಿಲ್ಲಿಸಿದ ಗಾಡಿಗಳ ಮೇಲೆ ಅಂಟು ಅಂಟಾಗಿ ಏನೋ ಬೀಳುತ್ತದೆ. ಔಷಧಿ ಹೊಡೆಸಿ ಅಂತ ಒತ್ತಾಯ ಬರ್ತಿದೆ. ಹೊಡೆಸಬಹುದಾ?

ಉತ್ತರ: ಬೇಡಮ್ಮ, ಖಂಡಿತ ಬೇಡ. ಎಲೆಯ ರಸ ಹೀರುವ ಗಿಡಹೇನಿನಂಥ ಹುಳುಗಳು ಬಿಡುವ ಸಿಹಿ ದ್ರವ ಅದು. ನೀರಿನಲ್ಲಿ ತೊಳೆದರೆ ಹೋಗುತ್ತದೆ. ಇದೇ ಕಾರಣಕ್ಕೆ 2013 ರ ಜೂನ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ವಿಲ್ಸನ್‌ವಿಲ್ ಅನ್ನುವ ಊರಿನಲ್ಲಿ ಪಾರ್ಕಿಂಗ್ ಜಾಗದ ಲಿಂಡನ್ ಮರಗಳಿಗೆ ಔಷಧಿ ಹೊಡೆದರು. ಡೈನೊಟೆಫ್ಯುರಾನ್ ಅನ್ನುವ ನಿಯೋನಿಕೋಟಿನಾಯ್ಡ್ ಕೀಟನಾಶಕ. ಮರಗಳು ಹೂ ಬಿಟ್ಟಿದ್ದವು. ಸುಮಾರು 50,000 ಬಂಬಲ್ ಬೀ ದುಂಬಿಗಳು ನೆಲಕ್ಕೆ ಉದುರಿ ಸತ್ತವು. ಆಮೇಲೆ ಉಳಿದ ದುಂಬಿಗಳು ಹತ್ತಿರ ಬರದಿರಲಿ ಅಂತ ಮರಗಳಿಗೇ ಬಲೆ ಹೊದಿಸಬೇಕಾಯಿತು.

ಈ ಜಾತಿಯ ಔಷಧಿ ಎಲೆಯ ಮೇಲೆ ಮಾತ್ರ ಉಳಿಯುವುದಿಲ್ಲ. ಗಿಡದ ರಸದೊಳಗೆ ಸೇರಿ ಮಕರಂದ, ಪರಾಗಕ್ಕೂ ಹೋಗುತ್ತದೆ. ಬುಡಕ್ಕೆ ಸುರಿದರೂ ಅಷ್ಟೇ. ಗುಲಗಂಜಿ ಹುಳುಗಳು ಬಂದು ಗಿಡಹೇನನ್ನು ತಿನ್ನಲು ಒಂದಿಷ್ಟು ದಿನ ಕೊಡಿ. ಅಲ್ಲಿವರೆಗೆ ಗಾಡಿ ಬೇರೆ ಕಡೆ ನಿಲ್ಲಿಸಲಿ.

ಮತ್ತೊಬ್ಬ ಸದಸ್ಯ: ಶಾಲೆ ದಾರಿಯ ಮರದಲ್ಲಿ ದೊಡ್ಡ ಹೆಜ್ಜೇನು ಕಟ್ಟಿದೆ. ಬೆಂಕಿ ಹಾಕಿ ಓಡಿಸೋಣ ಅಂತಿದ್ದಾರೆ. ಮಕ್ಕಳು ಓಡಾಡುವ ಜಾಗ ಮೇಡಂ, ಭಯ ಆಗುತ್ತೆ.

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಅದಕ್ಕೇ ಹೇಳುತ್ತೇನೆ, ಬೆಂಕಿ ಬೇಡ. ಒಂದು ಜೇನು ಕುಟುಕಿದಾಗ ಬರುವ ವಾಸನೆಯೇ ಉಳಿದವಕ್ಕೆ ಕರೆ. ಕೆಣಕಿದವರನ್ನು ಬಿಟ್ಟು ದಾರಿಯಲ್ಲಿ ಹೋಗುವವರ ಮೇಲೂ ಬೀಳುತ್ತವೆ. ಹೆಜ್ಜೇನು ಋತು ಮುಗಿದರೆ ತಾನಾಗಿ ಜಾಗ ಬದಲಾಯಿಸುತ್ತದೆ. ಗೂಡು ಎತ್ತರದಲ್ಲಿದ್ದರೆ ಮರದ ಸುತ್ತ ಹಗ್ಗ ಕಟ್ಟಿ, ಬೋರ್ಡ್ ಹಾಕಿ, ಮಕ್ಕಳಿಗೆ ಬೇರೆ ದಾರಿ ತೋರಿಸಿ. ಕಲ್ಲು, ಹೊಗೆ, ಪಟಾಕಿ ಏನೂ ಬೇಡ. ತೀರಾ ಕೈಗೆಟುಕುವ ಹಾಗಿದ್ದರೆ ಅನುಭವ ಇರುವ ಜೇನು ಕೆಲಸದವರನ್ನೇ ಕರೆಸಿ. ದಾಳಿ ಆದರೆ ಮುಖ ಮುಚ್ಚಿಕೊಂಡು ಓಡಿ ಒಳಗೆ ಸೇರಬೇಕು. ತುಂಬಾ ಕಡೆ ಕುಟುಕಿದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ.

ಗೂಡೇ ಇಲ್ಲದೆ ಬರೀ ಜೇನಿನ ಗೊಂಚಲು ಕೊಂಬೆಗೆ ಜೋತುಬಿದ್ದಿದ್ದರೆ ಇನ್ನೂ ಸುಲಭ. ಅವು ಹೊಸ ಮನೆ ಹುಡುಕುತ್ತಿವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೊರಡುತ್ತವೆ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದರೆ ಎತ್ತಿಟ್ಟ ಹಣವನ್ನು ಏನು ಮಾಡೋಣ ಮೇಡಂ?

ಉತ್ತರ: ಸ್ವಲ್ಪ ಹಣವನ್ನು ಕಾಂಕ್ರೀಟ್ ಒಡೆಯಲು ಇಡಿ! ಬುಡದವರೆಗೂ ಸಿಮೆಂಟ್ ಇದ್ದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಸುತ್ತ ಒಂದು ಮೀಟರ್ ಆದರೂ ಮಣ್ಣು ತೆರೆದಿರಲಿ. ಪ್ರಪಂಚದಲ್ಲಿ 20,000 ಕ್ಕೂ ಹೆಚ್ಚು ಬಗೆಯ ಜೇನುಗಳಿವೆ. ಹೆಚ್ಚಿನವು ಗುಂಪು ಕಟ್ಟಿ ಬದುಕುವುದಿಲ್ಲ, ನೆಲದಲ್ಲಿ ಸಣ್ಣ ಬಿಲ ತೋಡಿ ಒಂಟಿಯಾಗಿ ಇರುತ್ತವೆ. ಅವಕ್ಕೆ ಬಿಸಿಲು ಬೀಳುವ ಬರಿ ಮಣ್ಣು ಬೇಕು. ಹಾಗಾಗಿ ಎಲ್ಲಾ ಕಡೆ ಒಣ ಎಲೆ ಹೊದಿಸಬೇಡಿ, ಒಂದು ಮೂಲೆ ಹಾಗೇ ಬಿಡಿ. ಪಾರ್ಕಿನ ಒಳಗೆ, ಯಾರ ಮೇಲೂ ಬೀಳದ ಕಡೆ ಒಣ ಮರದ ಬೊಡ್ಡೆ ಇದ್ದರೆ ಅದನ್ನೂ ಉಳಿಸಿ. ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಗಳಿಗೆ ಅದು ಮನೆ.

ಹೊಸ ಸಸಿ ನೆಡುವಾಗ ಒಂದೇ ಜಾತಿಯನ್ನು ಸಾಲಾಗಿ ನೆಡಬೇಡಿ. 1990 ರಲ್ಲಿ ಫ್ರಾಂಕ್ ಸಾಂತಾಮೋರ್ ಅನ್ನುವ ವಿಜ್ಞಾನಿ ಒಂದು ಲೆಕ್ಕ ಕೊಟ್ಟರು: ಊರಿನ ಮರಗಳಲ್ಲಿ ಒಂದು ಜಾತಿ 10%, ಒಂದು ಕುಲ (ಹತ್ತಿರದ ಜಾತಿಗಳ ಗುಂಪು) 20%, ಒಂದು ಕುಟುಂಬ (ಅಂಥ ಕುಲಗಳ ಗುಂಪು) 30% ಮೀರಬಾರದು. ರೋಗ ಬಂದರೆ ಎಲ್ಲಾ ಒಟ್ಟಿಗೆ ಹೋಗದಿರಲಿ ಅಂತ. ಜೇನಿಗೂ ಇದರಿಂದ ಲಾಭ. ಹೊಂಗೆ, ಬೇವು, ನೇರಳೆ, ಹುಣಸೆ, ಮುತ್ತುಗ ಹೀಗೆ ಬೇರೆ ಬೇರೆ ಇದ್ದರೆ ಹೂವಿನ ಕಾಲ ಒಂದರ ಹಿಂದೆ ಒಂದು ಬರುತ್ತದೆ. ಹೂವಿಲ್ಲದ ತಿಂಗಳು ಯಾವುದು ಅಂತ ಮೊದಲು ಗುರುತಿಸಿ, ಆಗ ಅರಳುವ ಮರವನ್ನೇ ಹುಡುಕಿ. ನೀರುಕಾಯಿ ಮರ ಮಾತ್ರ ಬೇಡ. ಹೂ ಚೆಂದ, ಆದರೆ ಕುಟುಕದ ಮುಜಂಟಿ ಜೇನುಗಳು ಅದರ ಹೂವಿನಲ್ಲಿ ಸಾಯುತ್ತವೆ ಅಂತ ಅಧ್ಯಯನಗಳು ಹೇಳುತ್ತವೆ.

ದೀಪದ ಬಗ್ಗೆಯೂ ಹೇಳಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ನಡೆದು 2017 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀಪ ಹಾಕಿದ ಹುಲ್ಲುಗಾವಲಿನ ಹೂಗಳಿಗೆ ರಾತ್ರಿ ಹುಳುಗಳು ಬರುವುದು 62% ಕಮ್ಮಿಯಾಗಿತ್ತು. ದಾರಿಗೆ ಬೆಳಕು ಬೇಕು, ಮರದ ತಲೆಗೆ ಬೇಡ. ದೀಪವನ್ನು ಕೆಳಮುಖ ಮಾಡಿಸಿದರೆ ಸಾಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಹೂವಿಲ್ಲದ ತಿಂಗಳನ್ನು ಗುರುತಿಸುವುದು ಹೇಗೆ?

ಉತ್ತರ: ಒಂದು ನೋಟ್‌ಬುಕ್ ಸಾಕು ಸರ್. ಮರಗಳಿಗೆ ನಂಬರ್ ಕೊಡಿ. ಹದಿನೈದು ದಿನಕ್ಕೊಮ್ಮೆ, ಬಿಸಿಲಿರುವ ಬೆಳಿಗ್ಗೆ ಸುತ್ತಾಡಿ. ಮೊಗ್ಗು, ಹೂ, ಕಾಯಿ, ಏನೂ ಇಲ್ಲ ಅಂತ ಬರೆದುಕೊಳ್ಳಿ. ಹೂ ಇದ್ದ ಮರದ ಕೆಳಗೆ ಹತ್ತು ನಿಮಿಷ ನಿಂತು ಯಾರು ಬಂದರು ನೋಡಿ. ಒಂದು ವರ್ಷ ಆದ ಮೇಲೆ ಪಟ್ಟಿಯನ್ನು ಇಲ್ಲೇ ಹಾಕಿ. ಯಾವ ಮರವನ್ನು ಯಾವ ತಿಂಗಳು ಸವರಬೇಕು ಅಂತ ಕೂತು ಗುರುತು ಹಾಕೋಣ. ಸದ್ಯಕ್ಕೆ ಮುಂದಿನ ವಾರದ ಕೆಲಸ ನಿಲ್ಲಿಸಲು ನಾಳೆಯೇ ಒಂದು ಪತ್ರ ಕೊಡಿ.