ಗಾಜಿನ ಬೀರುವಿನ ವಿನಿಯರ್ ಎದ್ದಿದೆ, ಬಿಳಿ ಅಂಟು ಹಾಕಲಾ?

ಲಿಯೋಂಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಲಿಯೋಂನಲ್ಲಿದ್ದೇನೆ. ಹೋದ ವರ್ಷ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ವಿಟ್ರೀನ್, ಅಂದರೆ ಗಾಜಿನ ಬೀರು, ಕೊಂಡೆ. ಫ್ರಾನ್ಸಿನ ದೊರೆ ಹದಿನೈದನೇ ಲೂಯಿ ಕಾಲದ ಶೈಲಿಯದು. ಮೇಲೆ ಬಾಗಿದ ಗಾಜು, ಕೆಳಗೆ ಉಬ್ಬಿದ ಹೊಟ್ಟೆ, ಅದರ ಮೇಲೆ ವೆರ್ನಿ ಮಾರ್ತಾಂ ಎಂಬ ಹೊಳೆಯುವ ಮೆರುಗೆಣ್ಣೆಯ ಚಿತ್ರ, ಅಂಚಿಗೆಲ್ಲ ಕಂಚಿನ ಬಳ್ಳಿ. ಅಂಗಡಿಯವರು ಹೆಸರಾಂತ ಪೀಠೋಪಕರಣ ತಯಾರಕ ಲಿಂಕೆ ಮಾಡಿದ್ದು ಅಂದರು. ಹೀಟರ್ ಹಾಕಿದ ಮೇಲೆ ಬಲಪಕ್ಕದಲ್ಲಿ ಅಂಗೈಯಗಲ ವಿನಿಯರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಎದ್ದಿದೆ. ಬಿಳಿ ಅಂಟು ಬಿಟ್ಟು ಒತ್ತಿದರೆ ಸಾಕಾ? ಕಂಚು ಮಂಕಾಗಿದೆ, ಹಿತ್ತಾಳೆ ಪಾಲಿಶ್ ತಂದಿಟ್ಟಿದ್ದೇನೆ.

ಉಳಿಬಾಚಿ:
ಆ ಪಾಲಿಶ್ ಡಬ್ಬಿ ತೆಗೆಯಲೇಬೇಡಿ ಸರ್! ಕಂಚಿನ ಮೇಲಿರುವುದು ತೀರಾ ತೆಳ್ಳನೆ ಚಿನ್ನ. ಎರಡು ಸಲ ಉಜ್ಜಿದರೆ ಹೋಯಿತು, ಮತ್ತೆ ಬರಲ್ಲ. ಬಳ್ಳಿಯನ್ನು ಬಿಚ್ಚಿ, ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಹತ್ತಿಯಲ್ಲಿ ಒರೆಸಿ. ಯಾವ ಸ್ಕ್ರೂ ಯಾವ ತೂತಿನದು ಅಂತ ರಟ್ಟಿನ ಮೇಲೆ ಚುಚ್ಚಿಟ್ಟುಕೊಳ್ಳಿ.

ಬಿಳಿ ಅಂಟೂ ಬೇಡ. ಅಡಿಯಲ್ಲಿರುವುದು ಸರೇಸು, ಚರ್ಮ ಮೂಳೆ ಕುದಿಸಿ ಮಾಡಿದ ಅಂಟು. ಹೀಟರಿನ ಒಣ ಗಾಳಿಗೆ ಅದು ಒಣಗಿ ಬಿರುಕು ಬಿಡುತ್ತೆ, ಮರವೂ ಕುಗ್ಗುತ್ತೆ. ಆದರೆ ಬಿಸಿ ಮತ್ತು ತೇವ ತಗಲಿದರೆ ಮತ್ತೆ ಮೆತ್ತಗಾಗುತ್ತೆ. ಅದರ ಮೇಲೆ ಬಿಳಿ ಅಂಟು ಸುರಿದರೆ ಸರಿಯಾಗಿ ಹಿಡಿಯಲ್ಲ, ನಾಳೆ ರಿಪೇರಿಗೂ ಅಡ್ಡಿ.

ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಎಲ್ಲಿಗೆ ನಿಲ್ಲುತ್ತೋ ಅಲ್ಲಿವರೆಗೂ ಬಿಟ್ಟಿದೆ ಅಂತ. ತೆಳ್ಳಗೆ ಕಾಯಿಸಿದ ಸರೇಸನ್ನು ಸುಮಾರು 60 ಡಿಗ್ರಿಯಲ್ಲಿಟ್ಟು, ಸಿರಿಂಜಿನಿಂದ ಒಳಗೆ ಬಿಡಿ. ಅಂಚು ತೆರೆದಿರದಿದ್ದರೆ ಮರದ ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸಣ್ಣ ಸೀಳು ಸಾಕು. ಉಬ್ಬಿದ ಹೊಟ್ಟೆಗೆ ಚಪ್ಪಟೆ ಹಲಗೆ ಕೂರಲ್ಲ, ಅಲ್ವಾ? ಬಟ್ಟೆ ಚೀಲದಲ್ಲಿ ಮರಳು ತುಂಬಿ ಬೆಚ್ಚಗೆ ಮಾಡಿ. ಮೇಣದ ಕಾಗದ ಹಾಸಿ, ಚೀಲ ಒತ್ತಿ ಕ್ಲ್ಯಾಂಪ್ ಹಾಕಿ. ಮರಳು ಬಾಗಿಗೆ ತಕ್ಕಂತೆ ಕೂರುತ್ತೆ. ಒಂದು ದಿನ ಮುಟ್ಟಬೇಡಿ. ಚಿತ್ರದ ಹತ್ತಿರ ಮಾತ್ರ ಬಿಸಿ, ನೀರು ಎರಡೂ ಬೇಡ.

ಹಳೆಚಾವಡಿ:
ಲಿಂಕೆ ವಿಷಯ ಹೇಳ್ತೀನಿ. ಫ್ರಾಂಸ್ವಾ ಲಿಂಕೆ ಬೊಹೆಮಿಯಾದಲ್ಲಿ (ಈಗಿನ ಜೆಕ್ ದೇಶ) 1855ರಲ್ಲಿ ಹುಟ್ಟಿದವರು. ಪ್ಯಾರಿಸ್‌ನ ಫೊಬೂರ್ ಸೇಂತಾಂತ್ವಾನ್ ಬೀದಿಯಲ್ಲಿ ಕಾರ್ಖಾನೆ ಇತ್ತು. ಶಿಲ್ಪಿ ಲೆಯೋಂ ಮೆಸಾಜೆ ಜೊತೆ ಕೆಲಸ ಮಾಡಿ 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದರು. ಅವರ ಹೆಸರಿಗೆ ಬೆಲೆ ಜಾಸ್ತಿ, ಹಾಗಾಗಿ ಅವರು ಮಾಡಿರದ ಬೀರುಗಳಿಗೂ ಅಂಟಿಸಿಬಿಡ್ತಾರೆ. ಕಂಚು ಬಿಚ್ಚಿದಾಗ ಹಿಂಭಾಗದಲ್ಲಿ ಎಫ್‌ಎಲ್ ಗುರುತು ಇದೆಯಾ, ಬೀಗದ ತಟ್ಟೆಯಲ್ಲಿ ಹೆಸರಿದೆಯಾ ನೋಡಿ. ಸಹಿ ಇಲ್ಲದ ಒಳ್ಳೆ ಬೀರುಗಳೂ ಬೇಕಾದಷ್ಟಿವೆ.

ಲಿಯೋಂಕನ್ನಡಿಗ:
ಮರಳಿನ ಚೀಲ ಕೆಲಸ ಮಾಡಿತು! ತಟ್ಟಿದರೆ ಈಗ ಗಟ್ಟಿ ಸದ್ದು. ಗುರುತು ಎಲ್ಲೂ ಇಲ್ಲ. ಒಂದು ಬಳ್ಳಿಯ ಹಿಂಭಾಗ ಸ್ವಲ್ಪ ಗೀರಿದರೆ ಬೂದು ಬಣ್ಣ ಕಾಣುತ್ತಿದೆ.

ಹಳೆಚಾವಡಿ:
ಅದು ಕಂಚಲ್ಲ, ಸತುವಿನ ಮಿಶ್ರಲೋಹ. ಬಗ್ಗಿಸಲು ಹೋಗಬೇಡಿ, ಮುರಿಯುತ್ತೆ. ಅಂಗಡಿ ರಸೀದಿಯಲ್ಲಿ ಲಿಂಕೆ ಅಂತ ಬರೆದಿದ್ದಾರಾ?

ಲಿಯೋಂಕನ್ನಡಿಗ:
ಇಲ್ಲ, ಬಾಯಲ್ಲಿ ಹೇಳಿದ್ದಷ್ಟೇ. ರಸೀದಿಯಲ್ಲಿ ಬರೀ "ಲೂಯಿ ಶೈಲಿ" ಅಂತಿದೆ. ಹೀಟರ್ ಹತ್ತಿರದಿಂದ ಬೀರು ಸರಿಸಿದ್ದೇನೆ, ತೇವ ನೋಡಲು ಮೀಟರೂ ತಂದೆ.