ಟ್ರೂಆಕ್ಸ್ 'ರಿವರ್‌ರನ್' ಥರ ಹರಿವು ಬರ್ತಿಲ್ಲ, ಬರೀ ಗುಂಯ್‌ಗುಡುತ್ತೆ

ತಂತಿ_ತಂಬೂರಿ:
ಸೂಪರ್‌ಕೊಲೈಡರ್‌ನಲ್ಲಿ (ಕೋಡ್ ಬರೆದು ಸದ್ದು ಮಾಡೋ ಸಾಫ್ಟ್‌ವೇರ್) ಗ್ರೇನ್‌ಬಫ್, ಅಂದ್ರೆ ಸದ್ದಿನ ಫೈಲನ್ನ ಗ್ರೇನ್‌ಗಳಾಗಿ (ಪುಟ್ಟ ಚೂರುಗಳಾಗಿ) ನುಡಿಸೋ ಘಟಕ. ಟ್ರಿಗರ್‌ಗೆ ಇಂಪಲ್ಸ್ 100 (ಸೆಕೆಂಡಿಗೆ 100 ಬಡಿತ), ಗ್ರೇನ್ ಉದ್ದ 40 ಮಿಲಿಸೆಕೆಂಡ್. ಕೆನಡಾದ ಸಂಯೋಜಕ ಬ್ಯಾರಿ ಟ್ರೂಆಕ್ಸ್ ಅವರ 1986ರ 'ರಿವರ್‌ರನ್' ಥರ ನೀರಿನ ಹರಿವು ಬೇಕು, ಬರ್ತಿರೋದು ಜೇನುಹುಳದ ಸದ್ದು. ಗ್ರೇನ್ ಸಂಖ್ಯೆ ಸೆಕೆಂಡಿಗೆ 2000ಕ್ಕೆ ಏರಿಸಿದ್ರೆ ಸದ್ದು ಒಡೆಯುತ್ತೆ. ಅವರ ಕೃತಿಗಳನ್ನ ಯಾವ ಕ್ರಮದಲ್ಲಿ ಕೇಳಿದ್ರೆ ವಿಧಾನ ಹಿಡಿತಕ್ಕೆ ಸಿಗುತ್ತೆ?

ಮಂದ್ರ:
ಸೆಕೆಂಡಿಗೆ ಸಮ ಅಂತರದಲ್ಲಿ 100 ಗ್ರೇನ್ ಬಿದ್ರೆ ಕಿವಿಗೆ ಅದು 100 ಹರ್ಟ್ಸ್ ಶ್ರುತಿ. ಇಂಪಲ್ಸ್ ತೆಗೆದು ಡಸ್ಟ್ (ಅಡ್ಡಾದಿಡ್ಡಿ ಅಂತರದ ಟ್ರಿಗರ್) ಹಾಕಿ. ಟ್ರೂಆಕ್ಸ್ 70ರ ದಶಕದ ಆರಂಭದಲ್ಲಿ ಉಟ್ರೆಕ್ಟ್‌ನ ಸೋನಾಲಜಿ ಸಂಸ್ಥೆಯಲ್ಲಿ ಶುರುಮಾಡಿದ ಪಾಡ್ ಅನ್ನೋ ಸಂಗೀತ ಸಂಯೋಜನೆಯ ಪ್ರೋಗ್ರಾಂಗಳೂ ಪ್ವಾಸೋನ್ ಹಂಚಿಕೆಯ (ಆಕಸ್ಮಿಕ ಘಟನೆಗಳ ಗಣಿತ) ಮೇಲೇ ನಿಂತಿದ್ದು. ಒಂದೊಂದು ಸ್ವರ ಬರೆಯೋದಲ್ಲ. ಸಾಂದ್ರತೆ, ಆವರ್ತನದ ಮೇಲಿನ ಕೆಳಗಿನ ಗಡಿ ಕೊಟ್ಟು, ಆ ಗಡಿಗಳನ್ನ ನಿಧಾನಕ್ಕೆ ಸರಿಸೋದು.

ಒಡೆಯೋದಕ್ಕೆ ಲೆಕ್ಕ: 2000 × 0.04 = 80 ಗ್ರೇನ್ ಒಟ್ಟಿಗೆ. ವರ್ಗಮೂಲ ಸುಮಾರು 9, ಸದ್ದಿನ ಮಟ್ಟವನ್ನ ಅಷ್ಟರಿಂದ ಭಾಗಿಸಿ, ಅಂದ್ರೆ 19 ಡೆಸಿಬೆಲ್ ಇಳಿಸಿ. ಉದ್ದ 300 ಮಿಲಿಸೆಕೆಂಡ್ ಮಾಡಿದ್ರೆ 600 ಆಗಿ, 512ರ ಡೀಫಾಲ್ಟ್ ಮಿತಿ ದಾಟಿ ಗ್ರೇನ್‌ಗಳು ಉದುರಿಹೋಗ್ತವೆ.

ಇನ್ನೊಂದು, ರಿವರ್‌ರನ್‌ನಲ್ಲಿ ರೆಕಾರ್ಡ್ ಮಾಡಿದ ನೀರೇ ಇಲ್ಲ, ಎಲ್ಲಾ ಸಂಶ್ಲೇಷಿತ ಗ್ರೇನ್. ನಿಮಗೆ ಬೇಕಿರೋದು ಫೈಲ್ ಇಲ್ಲದೆ ತಾನೇ ಸದ್ದು ಹುಟ್ಟಿಸೋ ಗ್ರೇನ್‌ಸೈನ್ ಅಥವಾ ಗ್ರೇನ್‌ಎಫ್‌ಎಂ.

ತಂತಿ_ತಂಬೂರಿ:
ಡಸ್ಟ್ ಹಾಕಿದ್ಮೇಲೆ ಗುಂಯ್ ಹೋಯ್ತು, ಥ್ಯಾಂಕ್ಸ್ ಸರ್. ಆದ್ರೆ ಘಂಟೆಯ ಸ್ಟೀರಿಯೋ ಫೈಲ್ ಕೊಟ್ರೆ ಗ್ರೇನ್‌ಬಫ್‌ನಿಂದ ಸದ್ದೇ ಇಲ್ಲ.

ಕಂಪನ:
ಗ್ರೇನ್‌ಬಫ್‌ಗೆ ಮೋನೋ (ಒಂದೇ ಚಾನೆಲ್‌ನ) ಬಫರ್ರೇ ಆಗ್ಬೇಕು. ರೀಡ್‌ಚಾನೆಲ್‌ನಿಂದ ಒಂದು ಚಾನೆಲ್ ಮಾತ್ರ ತಗೊಳ್ಳಿ. ಸದ್ದನ್ನ ಹಿಗ್ಗಿಸುವಾಗ ಫೈಲಲ್ಲಿ ಓದೋ ಸ್ಥಾನ ಒಂದೇ ಕಡೆ ನಿಂತ್ರೆ ಲೋಹದ ಥರ ಕೇಳುತ್ತೆ, 20 ಮಿಲಿಸೆಕೆಂಡ್ ಆಚೀಚೆ ಅಲುಗಾಡಿಸಿ. ಸ್ಥಾನದ ಅಳತೆ 0ಯಿಂದ 1, ಹಾಗಾಗಿ 10 ಸೆಕೆಂಡಿನ ಫೈಲಿಗೆ ಅದು 0.002. ಹಾಗೆ ಅಲುಗಾಡಿಸೋ ನಾಯ್ಸ್ ಆಡಿಯೋ ರೇಟ್‌ನಲ್ಲೇ ಇರ್ಲಿ: ಕಂಟ್ರೋಲ್ ರೇಟ್ ಸೆಕೆಂಡಿಗೆ 689 ಸಲ ಮಾತ್ರ (44100 ÷ 64), 2000 ಗ್ರೇನ್ ಬಿದ್ರೆ ಮೂರ್ಮೂರಕ್ಕೆ ಒಂದೇ ಬೆಲೆ.

ಕೇಳೋ ಕ್ರಮ: ಮೊದಲು ರಿವರ್‌ರನ್. ಆಮೇಲೆ 'ದ ವಿಂಗ್ಸ್ ಆಫ್ ನೈಕಿ' (1987), ಅಲ್ಲಿ ಮಾತಿನ ತುಣುಕುಗಳೇ ಕಚ್ಚಾವಸ್ತು. 'ಪೆಸಿಫಿಕ್' (1990) ವ್ಯಾಂಕೂವರ್‌ನ ಅಲೆ, ಬಂದರು. 1973ರಿಂದ ಟ್ರೂಆಕ್ಸ್ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಸಂಯೋಜಕ ಶೇಫರ್ ಅವರ ವರ್ಲ್ಡ್ ಸೌಂಡ್‌ಸ್ಕೇಪ್ ಪ್ರಾಜೆಕ್ಟ್‌ನಲ್ಲಿ (ಪರಿಸರದ ಸದ್ದುಗಳ ಅಧ್ಯಯನ) ದುಡಿದದ್ದು ಅಲ್ಲಿ ಎದ್ದು ಕೇಳುತ್ತೆ. ಘಂಟೆ ಹಿಗ್ಗಿಸೋದಿದ್ರೆ 'ಬೆಸಿಲಿಕಾ' (1992) ಕೊನೆಗೆ. ಬಹಳ ಜನ ಅಲ್ಲಿಂದ್ಲೇ ಶುರು ಮಾಡ್ತಾರೆ, ಇಂಪಾಗಿದೆ ಅಂತ. ಆದ್ರೆ ಗ್ರೇನ್‌ಗಳು ಅದರಲ್ಲಿ ಬಿಡಿಬಿಡಿಯಾಗಿ ಕೇಳೋದೇ ಇಲ್ಲ.