ಗಾಳಿಮಳೆಗೆ ಕರೆಂಟ್ ಹೋಗಿ ಎರಡು ದಿನ ಆಯ್ತು, ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲಿದೆ, ಏನ್ ಮಾಡ್ಲಿ?

ಹನುಮಂತನಗರ_ಮಗಳು
ಬೆಳಿಗ್ಗೆ 7:40

ನಮಸ್ಕಾರ ಎಲ್ರಿಗೂ, ಫೋನಲ್ಲಿ ಇನ್ನು 23% ಚಾರ್ಜ್ ಇದೆ ಅದಕ್ಕೆ ಎಲ್ಲಾ ಒಂದೇ ಸಲಕ್ಕೆ ಬರೀತಿದೀನಿ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಮೊನ್ನೆ ಸಂಜೆ ಐದೂವರೆ ಸುಮಾರಿಗೆ ಬಂತಲ್ಲ ಆ ಗಾಳಿಮಳೆ, ಆಗ ಹೋದ ಕರೆಂಟ್ ಇನ್ನೂ ಬಂದಿಲ್ಲ. ನಮ್ಮ ಕ್ರಾಸ್ ಮೂಲೇಲಿದ್ದ ದೊಡ್ಡ ಕತ್ತಿಕಾಯಿ ಮರ ಬುಡಸಮೇತ ಕಿತ್ಕೊಂಡು ಕಂಬದ ಮೇಲೆ ಬಿದ್ದಿದೆ, ಕಂಬ ಅರ್ಧಕ್ಕೆ ಮುರಿದು ವೈರೆಲ್ಲ ರೋಡ್ ಮೇಲೆ ಬಿದ್ದಿದೆ, ನಾನು ಚಿಕ್ಕೋಳಿದ್ದಾಗಿಂದ ಮೇ ತಿಂಗಳು ಬಂತು ಅಂದ್ರೆ ಆ ಮರ ಪೂರ್ತಿ ಕೆಂಪಾಗಿರೋದು, ಈಗ ಆ ಹೂವೆಲ್ಲ ಕೆಸರಲ್ಲಿ ಬಿದ್ದಿರೋದು ನೋಡೋಕಾಗ್ತಿಲ್ಲ. ಮಕ್ಕಳೆಲ್ಲ ಅದೇ ಮರದ ಮೇಲೆ ಹತ್ತಿ ಕತ್ತಿಕಾಯಿ ಕಿತ್ಕೊಂಡು ಯುದ್ಧ ಆಡ್ತಿದಾರೆ.

ನನ್ ಚಿಂತೆ ಅಮ್ಮಂದು. 67 ವರ್ಷ, ದಿನಕ್ಕೆ ಎರಡು ಸಲ ಇನ್ಸುಲಿನ್, ಎರಡು ಥರದ್ದು ಬೆರೆಸಿರೋ 30/70 ತಗೋತಾರೆ. ಈಗ ಉಪಯೋಗಿಸ್ತಿರೋ ಬಾಟಲ್ ಒಂದು, ಓಪನ್ ಮಾಡದೇ ಇರೋದು ಮೂರು, ಎಲ್ಲಾ ಫ್ರಿಜ್ ಬಾಗಿಲಲ್ಲಿದೆ. ಇವತ್ತು ಬೆಳಿಗ್ಗೆ ತೆಗೆದು ನೋಡಿದ್ರೆ ಫ್ರಿಜ್ ಒಳಗೆ ತಂಪೇ ಇಲ್ಲ, ದೋಸೆ ಹಿಟ್ಟು ಉಕ್ಕಿ ಬಾಗಿಲವರೆಗೂ ಹರಿದಿದೆ. ಔಷಧಿ ಹಾಳಾಗಿದ್ಯಾ ಇಲ್ವಾ ಹೇಗೆ ತಿಳಿಯೋದು? ಇನ್ವರ್ಟರ್ ಮೊದಲನೇ ರಾತ್ರಿ ಎರಡು ಗಂಟೆಗೇ ಕೀ ಅಂತ ಕೂಗಿ ಆಫ್ ಆಯ್ತು. ಸಂಪ್ ತುಂಬಾ ನೀರಿದೆ ಆದ್ರೆ ಮೋಟರ್ ಓಡಲ್ಲ, ಮೇಲಿನ ಟ್ಯಾಂಕ್ ಇವತ್ತು ಬೆಳಿಗ್ಗೆಗೆ ಖಾಲಿ. ಪಕ್ಕದ ರೋಡಲ್ಲಿ ನಿನ್ನೆ ರಾತ್ರೀನೇ ಕರೆಂಟ್ ಬಂದಿದೆ, ನಮಗೆ ಯಾಕಿಲ್ಲ? ವಾಟ್ಸಾಪಲ್ಲಿ ಬೇರೆ ಇದು ಸುಂಟರಗಾಳಿ, ಇನ್ನೂ ಬರುತ್ತೆ, ವಾರಗಟ್ಟಲೆ ಕರೆಂಟ್ ಇರಲ್ಲ ಅಂತ ಕಳಿಸ್ತಿದಾರೆ, ಅಮ್ಮ ಅದನ್ನ ಕೇಳಿ ರಾತ್ರಿ ನಿದ್ದೆ ಮಾಡಿಲ್ಲ.

—

ವಾರ್ಡ್_ಅಕ್ಕ
ಬೆಳಿಗ್ಗೆ 8:05

ಮೊದಲು ಅಮ್ಮನ ವಿಷಯ ಹೇಳ್ತೀನಿ, ಮಿಕ್ಕಿದ್ದು ಆಮೇಲೆ. ನಾನು 20 ವರ್ಷದಿಂದ ನರ್ಸ್. ಗಾಬರಿ ಆಗ್ಬೇಡಿ, ಎರಡು ದಿನಕ್ಕೆ ಇನ್ಸುಲಿನ್ ಹಾಳಾಗಲ್ಲ. ಈಗ ಉಪಯೋಗಿಸ್ತಿರೋ ಬಾಟಲ್‌ಗೆ ಫ್ರಿಜ್ ಬೇಕೂ ಇಲ್ಲ, ಬಿಸಿಲು ಬೀಳದ ಜಾಗದಲ್ಲಿ ರೂಂ ಟೆಂಪರೇಚರಲ್ಲಿ ಸುಮಾರು 4 ವಾರ ಇರುತ್ತೆ, ಎಷ್ಟು ಡಿಗ್ರಿವರೆಗೆ ಎಷ್ಟು ದಿನ ಅನ್ನೋದು ಬಾಕ್ಸ್ ಒಳಗಿನ ಚೀಟೀಲಿ ಇರುತ್ತೆ, ಒಂದ್ಸಲ ಓದಿ. ಓಪನ್ ಮಾಡದೇ ಇರೋದನ್ನ 2ರಿಂದ 8 ಡಿಗ್ರೀಲಿ ಇಡಿ ಅನ್ನೋದು ಎಕ್ಸ್‌ಪೈರಿ ಡೇಟ್‌ವರೆಗೂ ಚೆನ್ನಾಗಿರ್ಲಿ ಅಂತ. ಹೊರಗೆ ಬಂದ ತಕ್ಷಣ ವಿಷ ಆಗೋದಿಲ್ಲ, ಆದ್ರೆ ಹೊರಗಿಟ್ಟ ದಿನದಿಂದ ಅದಕ್ಕೂ ಅದೇ 4 ವಾರದ ಲೆಕ್ಕ ಶುರು ಅಂತ ತಿಳ್ಕೊಳ್ಳಿ, ಬಾಟಲ್ ಮೇಲೆ ಪೆನ್ನಲ್ಲಿ ಮೊನ್ನೆ ತಾರೀಖು ಬರೆದಿಡಿ.

ಮನೇಲಿ ಮಣ್ಣಿನ ಮಡಕೆ ಇದ್ರೆ ಹೀಗೆ ಮಾಡಿ. ದೊಡ್ಡ ಮಡಕೆ ಒಂದು, ಅದರೊಳಗೆ ಕೂರೋ ಹಾಗೆ ಚಿಕ್ಕದೊಂದು, ಎರಡರ ಮಧ್ಯೆ ಮರಳು ಹಾಕಿ ನೀರು ಸುರೀರಿ. ಬಾಟಲ್‌ಗಳನ್ನ ಜಿಪ್ ಕವರಲ್ಲಿ ಹಾಕಿ ಒಳಗಿನ ಮಡಕೇಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾಳಿ ಆಡೋ ನೆರಳಲ್ಲಿ ಇಡಿ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕ್ತಾ ಇರಿ. ಮರಳು ಸಿಗ್ಲಿಲ್ಲ ಅಂದ್ರೆ ಕುಡಿಯೋ ನೀರಿನ ಹಳೇ ಮಡಕೆ ಹೊರಗಡೆ ಒದ್ದೆ ಟವಲ್ ಸುತ್ತಿದ್ರೂ ಆಗುತ್ತೆ. ಅಂಗಡಿಯಿಂದ ಐಸ್ ತಂದು ಅದರ ಮೇಲೆ ನೇರ ಇಡೋದು ಮಾತ್ರ ಬೇಡ, ಜನ ಪ್ರೀತಿಯಿಂದ ಮಾಡೋ ತಪ್ಪು ಇದು. ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದ್ರೂ ಕೆಲಸಕ್ಕೆ ಬರಲ್ಲ.

30/70 ಮಾಮೂಲಿಯಾಗೇ ಹಾಲಿನ ಥರ ಬೆಳ್ಳಗಿರುತ್ತೆ, ಅದು ಕೆಟ್ಟಿರೋದಲ್ಲ. ಎರಡು ಅಂಗೈ ಮಧ್ಯೆ ಇಟ್ಕೊಂಡು ನಿಧಾನಕ್ಕೆ ಹತ್ತು ಸಲ ಉರುಳಿಸಿ, ಆಮೇಲೂ ಗಂಟು ಗಂಟಾಗಿ ಕಾಣ್ತಿದ್ರೆ, ಇಲ್ಲಾ ಗಾಜಿಗೆ ಹಿಮದ ಥರ ಅಂಟ್ಕೊಂಡಿದ್ರೆ ಆ ಬಾಟಲ್ ಬಿಟ್ಬಿಡಿ. ದಿನಕ್ಕೆ ಒಂದು ಸಲ ಜಾಸ್ತಿ ಗ್ಲುಕೋಮೀಟರಲ್ಲಿ ಶುಗರ್ ನೋಡ್ಕೊಳ್ಳಿ, ಡೋಸ್ ಹೊತ್ತಿಗೆ ಸರಿಯಾಗಿ ಕೊಟ್ರೂ ಏರ್ತಾ ಹೋದ್ರೆ ಡಾಕ್ಟರಿಗೆ ಫೋನ್ ಮಾಡಿ. ಇನ್ನೊಂದು, ಅಡುಗೆ ತಡ ಆಗುತ್ತೆ ಅಂತ ಗೊತ್ತಿದ್ರೆ ಇಂಜೆಕ್ಷನ್ ಮೊದಲೇ ಕೊಟ್ಬಿಡ್ಬೇಡಿ, ತಟ್ಟೆ ಮುಂದೆ ಬಂದ ಮೇಲೆ ಕೊಡಿ. ಕರೆಂಟ್ ಇಲ್ಲದ ಮನೇಲಿ ಶುಗರ್ ಏರೋದಕ್ಕಿಂತ ಇಳಿದು ಬೀಳೋದು ನಾನು ಜಾಸ್ತಿ ನೋಡಿದೀನಿ. ಅಮ್ಮನ ತಲೆದಿಂಬಿನ ಹತ್ರ ಬೆಲ್ಲದ ಚೂರೋ ಗ್ಲುಕೋಸ್ ಪುಡಿಯೋ ಇಟ್ಟಿರಿ.

—

ಲೈನ್_ಹಳಬ
ಬೆಳಿಗ್ಗೆ 8:30

ಮಗಳೇ ನೀನು ಬರೆದಿರೋದ್ರಲ್ಲಿ ಒಂದು ಮಾತು ಓದಿ ನಂಗೆ ಎದೆ ಹಿಡ್ಕೊಂತು. ಮಕ್ಕಳು ಆ ಮರದ ಮೇಲೆ ಆಡ್ತಿದಾರೆ ಅಂದ್ಯಲ್ಲ. ಇದನ್ನ ಓದಿದ ತಕ್ಷಣ ಫೋನ್ ಕೆಳಗಿಟ್ಟು ಹೋಗಿ ಅವರನ್ನ ಕೆಳಗಿಳಿಸು, ಆಮೇಲೆ ಬಂದು ಮಿಕ್ಕಿದ್ದು ಓದು.

ನಾನು 31 ವರ್ಷ ಕಂಬ ಹತ್ತಿದೋನು, ಈಗ ರಿಟೈರ್ಡು. ರೋಡಲ್ಲೆಲ್ಲ ಕರೆಂಟ್ ಇಲ್ಲ ಅಂದ್ರೆ ವೈರಲ್ಲೂ ಇಲ್ಲ ಅಂತ ಅರ್ಥ ಅಲ್ಲ. ಇನ್ನೊಂದು ಕಡೆಯಿಂದ ಫೀಡ್ ಬಂದಿರಬಹುದು, ಯಾವುದೋ ಮನೆಯ ಜನರೇಟರ್ ಉಲ್ಟಾ ಹೊಡೀತಿರಬಹುದು, ಸ್ಟೇಷನ್ನಲ್ಲಿ ಲೈನ್ ಚಾರ್ಜ್ ಮಾಡಿ, ಅಂದ್ರೆ ಕರೆಂಟ್ ಬಿಟ್ಟು ನೋಡಬಹುದು. 2023ರ ನವೆಂಬರಲ್ಲಿ ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಹೋಪ್ ಫಾರಂ ಸಿಗ್ನಲ್ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ವೈರ್ ತುಳಿದು ತಾಯಿ ಮತ್ತೆ ಎದೆಗವಚಿಕೊಂಡಿದ್ದ ಕೂಸು ಇಬ್ರೂ ಹೋದ್ರಲ್ಲ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಊಟ ಸೇರಲ್ಲ. ವೈರಿಂದ ಏನಿಲ್ಲಾ ಅಂದ್ರೂ 10 ಮೀಟರ್ ದೂರ, ನೆಲ ಒದ್ದೆ ಇದ್ರೆ ಇನ್ನೂ ದೂರ. ಒಂದು ಹಗ್ಗವೋ ಹಳೇ ಸೀರೆಯೋ ಎರಡೂ ಕಡೆ ಅಡ್ಡ ಕಟ್ಟಿ ಒಬ್ಬರನ್ನ ಕಾವಲಿಗೆ ನಿಲ್ಲಿಸಿ.

ಪಕ್ಕದ ರೋಡಿಗೆ ಬಂತು ನಮಗ್ಯಾಕಿಲ್ಲ ಅಂದ್ಯಲ್ಲ, ಯಾರಿಗೂ ನಿಮ್ಮ ಮೇಲೆ ದ್ವೇಷ ಇಲ್ಲ, ಕೆಲಸ ನಡೆಯೋದೇ ಮೇಲಿಂದ ಕೆಳಕ್ಕೆ. ಮೊದಲು 66 ಕೆವಿ (66 ಸಾವಿರ ವೋಲ್ಟ್) ಸ್ಟೇಷನ್, ಆಮೇಲೆ ಅಲ್ಲಿಂದ ಹೊರಡೋ 11 ಕೆವಿ ಫೀಡರ್, ಅದರಲ್ಲೂ ಆಸ್ಪತ್ರೆ, ನೀರಿನ ಪಂಪ್ ಇರೋದು ಮೊದಲು, ಆಮೇಲೆ ಟಿಸಿ ಅಂದ್ರೆ ನಿಮ್ಮ ಏರಿಯಾ ಟ್ರಾನ್ಸ್‌ಫಾರ್ಮರ್, ಅದಾದ ಮೇಲೆ ಬೀದಿಯ ಎಲ್‌ಟಿ (ಕಮ್ಮಿ ವೋಲ್ಟೇಜ್) ಲೈನು, ಕೊನೇಲಿ ಮನೆಗೆ ಬರೋ ಸರ್ವೀಸ್ ವೈರು. ಪಕ್ಕದ ರೋಡು ಬೇರೆ ಟಿಸಿ ಇರುತ್ತೆ. ನಿಮ್ಮಲ್ಲಿ ಕಂಬಾನೇ ಮುರಿದಿದೆ, ಅಂದ್ರೆ ಮೊದಲು ಮರ ಕಡಿಯೋರು ಬರ್ಬೇಕು, ಅವರು ಪಾಲಿಕೆ ಕಡೆಯೋರು, ಲೈನ್ ಆಫ್ ಆಗಿದೆ ಅಂತ ಲೈನ್ ಕ್ಲಿಯರ್ ಸಿಗದೆ ಅವರು ಗರಗಸ ಮುಟ್ಟಲ್ಲ, ಮುಟ್ಟಲೂ ಬಾರದು, ಆಮೇಲೆ ಹೊಸ ಕಂಬ, ಆಮೇಲೆ ತಂತಿ. ಅದಕ್ಕೆ ಎರಡು ಕಡೆಗೂ ಕಂಪ್ಲೇಂಟ್ ಇರ್ಬೇಕು, ಕರೆಂಟಿಗೆ 1912, ಮರಕ್ಕೆ 1533. ಬರೀ ಕರೆಂಟ್ ಇಲ್ಲ ಅನ್ಬೇಡ, ಬಿಲ್ ಮೇಲಿರೋ ಅಕೌಂಟ್ ನಂಬರ್, ಟಿಸಿ ಕಂಬದ ಮೇಲೆ ಪೇಂಟಲ್ಲಿ ಬರೆದಿರೋ ನಂಬರ್ (ದೂರದಿಂದಲೇ ನೋಡು), ಕಂಬ ಮುರಿದಿದೆ, ವೈರ್ ನೆಲದ ಮೇಲಿದೆ, ಮಕ್ಕಳು ಓಡಾಡೋ ಜಾಗ, ಇಷ್ಟೂ ಹೇಳು. ನೆಲದ ಮೇಲೆ ವೈರ್ ಅಂದ್ರೆ ಕೆಲಸದ ಲೆಕ್ಕಾನೇ ಬೇರೆ.

ಇನ್ವರ್ಟರ್ ಬಗ್ಗೆ. 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದ್ರೆ 12 ವೋಲ್ಟ್ ಇಂಟು 150, ಲೆಕ್ಕಕ್ಕೆ 1800 ವ್ಯಾಟ್ ಅವರ್, ಕೈಗೆ ಸಿಗೋದು 1000-1200 ಅಷ್ಟೇ. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್. ಮೂರು ಫ್ಯಾನು ಒಂದು ಟಿವಿ ಹಾಕ್ಕೊಂಡ್ರೆ ನಾಲ್ಕು ಗಂಟೆಗೇ ಮುಗೀತು, ಅದೇ 9 ವ್ಯಾಟ್‌ನ ಎರಡು ಬಲ್ಬು, ಅಮ್ಮಂಗೆ ಒಂದು ಫ್ಯಾನು ಅಂದ್ರೆ ಒಂದು ರಾತ್ರಿ ಪೂರ್ತಿ ಬರ್ತಿತ್ತು. ಆಫ್ ಆದ ಮೇಲೆ ರೀಸೆಟ್ ಒತ್ತಿ ಒತ್ತಿ ಎಬ್ಬಿಸೋಕೆ ಹೋಗ್ಬೇಡ, ಬ್ಯಾಟರಿ ಸಾಯುತ್ತೆ.

ಕೊನೇದು ಮುಖ್ಯವಾದ್ದು. ಕರೆಂಟ್ ಬರೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿಟ್ಟಿರು. ಮರ ಬಿದ್ದ ಬೀದೀಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಕಟ್ ಆಗಿರೋದು ಜಾಸ್ತಿ, ಆಗ 230 ಬರೋ ಜಾಗಕ್ಕೆ 400 ವೋಲ್ಟ್‌ವರೆಗೂ ನುಗ್ಗಬಹುದು, ಫ್ರಿಜ್ಜು ಟಿವಿ ಎಲ್ಲಾ ಒಂದೇ ಸಲಕ್ಕೆ ಸುಟ್ಟೋಗುತ್ತೆ. ಮೊದಲು ಒಂದೇ ಬಲ್ಬ್ ಹಾಕಿ ನೋಡು, ಒಮ್ಮೆ ಜೋರಾಗಿ ಒಮ್ಮೆ ಮಂಕಾಗಿ ಉರಿದ್ರೆ ತಕ್ಷಣ ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳು. ಯಾರಾದ್ರೂ ಬಾಡಿಗೆ ಜನರೇಟರ್ ತಂದ್ರೆ ಪ್ಲಗ್ ಪಾಯಿಂಟಿಗೆ ಚುಚ್ಚಿ ಇಡೀ ಮನೆಗೆ ಕೊಡೋಕೆ ಬಿಡ್ಬೇಡಿ, ಚೇಂಜ್ ಓವರ್ ಸ್ವಿಚ್ (ಬೀದಿ ಲೈನಿಂದ ಮನೇನ ಬೇರೆ ಮಾಡೋ ಸ್ವಿಚ್) ಇಲ್ದೆ ಕೊಟ್ರೆ ಅದು ಹಿಂದಕ್ಕೆ ಹೋಗಿ ಟಿಸಿ ಮೂಲಕ 11 ಕೆವಿ ಆಗುತ್ತೆ. ನನ್ನ ಜೊತೆ ಕೆಲಸಕ್ಕೆ ಸೇರಿದ ಹುಡುಗ ಒಬ್ಬ ಹಾಗೇ ಹೋದ, ಆಫ್ ಮಾಡಿದ ಲೈನಿನ ಮೇಲೆ.

—

ಮೋಡ_ನೋಡೋನು
ಬೆಳಿಗ್ಗೆ 8:52

ಸುಂಟರಗಾಳಿ ವಿಷಯ: ಅಮ್ಮಂಗೆ ಧೈರ್ಯ ಹೇಳಿ. ಸುಂಟರಗಾಳಿ ಅಂದ್ರೆ ಮೋಡದಿಂದ ನೆಲದವರೆಗೂ ಸುತ್ತೋ ಗಾಳಿ ಕಂಬ, ಅದು ಹೋದ ದಾರೀಲಿ ಮರಗಳು ಅಡ್ಡಾದಿಡ್ಡಿ, ಒಂದಕ್ಕೊಂದು ಎದುರುಬದುರಾಗಿ ಬಿದ್ದಿರುತ್ತೆ. ನಿನ್ನೆ ನಾನು ಇಲ್ಲೇ ಪಕ್ಕದ ಗವಿಪುರದಿಂದ ಶ್ರೀನಗರದವರೆಗೂ ನಡೆದು ನೋಡ್ದೆ, ಹೆಚ್ಚುಕಮ್ಮಿ ಎಲ್ಲಾ ಮರ ಒಂದೇ ದಿಕ್ಕಿಗೆ ಮಲಗಿದೆ. ಗುಡುಗು ಮೋಡದ ಒಳಗಿಂದ ತಣ್ಣನೆ ಗಾಳಿ ಧಡ್ ಅಂತ ಕೆಳಗೆ ಬಿದ್ದು ಹರಡೋದು ಇದು, ಏಪ್ರಿಲ್ ಮೇನಲ್ಲಿ ನಮ್ಮೂರಿಗೆ ಹೊಸದೇನಲ್ಲ. ನಮ್ಮ ದೇಶದಲ್ಲಿ ನಿಜವಾದ ಸುಂಟರಗಾಳಿ ಜಾಸ್ತಿ ಬರೋದು ಬಂಗಾಳ, ಒಡಿಶಾ, ಅಸ್ಸಾಂ ಕಡೆ, 2024ರ ಮಾರ್ಚ್ 31ಕ್ಕೆ ಜಲಪಾಯ್‌ಗುರಿಯ ಮೈನಾಗುರಿ ಕಡೆ ಬಂದಿತ್ತಲ್ಲ ಅಂಥದ್ದು. ನಮ್ಮಲ್ಲಿ ಬುಡದವರೆಗೂ ಕಾಂಕ್ರೀಟ್ ಹಾಕಿ, ಚರಂಡಿಗೆ ಅಂತ ಒಂದು ಪಕ್ಕದ ಬೇರು ಕಡಿದು ಬಿಟ್ಟಿರೋ ಮರಕ್ಕೆ ಬೀಳೋಕೆ ಸುಂಟರಗಾಳಿ ಬೇಕಾಗಿಲ್ಲ.

—

ಡಲ್ಲಾಸಿಂದ_ವಾಪಸ್
ಬೆಳಿಗ್ಗೆ 9:20

ನಿಜವಾದ ಸುಂಟರಗಾಳಿ ಆದ ಮೇಲೆ ಕರೆಂಟ್ ಇಲ್ಲದೆ ಬದುಕಿದೋಳು ನಾನು, ಅದಕ್ಕೆ ಬರೀತಿದೀನಿ. 2019ರ ಅಕ್ಟೋಬರ್ 20, ಭಾನುವಾರ ರಾತ್ರಿ, ಅಮೆರಿಕಾದ ಉತ್ತರ ಡಲ್ಲಾಸಲ್ಲಿ. ಗಂಟೆಗೆ 140 ಮೈಲಿ ಗಾಳಿ ಅಂದ್ರೆ ಹತ್ರತ್ರ 225 ಕಿ.ಮೀ., ಇಎಫ್3 (ಸುಂಟರಗಾಳಿಯ ಜೋರು ಹೇಳೋ 0ಯಿಂದ 5ರ ಅಳತೇಲಿ 3) ಅಂತ ಆಮೇಲೆ ಹೇಳಿದ್ರು. ಸೈರನ್ ಕೂಗ್ತಿದ್ದ ಹಾಗೆ ನಾನು, ನನ್ನ ಗಂಡ, ನಾಲ್ಕು ವರ್ಷದ ಮಗ ಬಾತ್‌ರೂಮಿನ ಟಬ್ಬಲ್ಲಿ ಮೈಮೇಲೆ ರಜಾಯಿ ಎಳ್ಕೊಂಡು ಕೂತಿದ್ವಿ. ಅಷ್ಟು ದೊಡ್ಡ ಗಾಳಿಗೆ ಆ ರಾತ್ರಿ ಡಲ್ಲಾಸಲ್ಲಿ ಒಂದು ಜೀವಾನೂ ಹೋಗ್ಲಿಲ್ಲ, ಜನ ಮೊದಲೇ ಒಳಗೆ ಸೇರ್ಕೊಂಡಿದ್ರು.

ನಮಗೆ ಕರೆಂಟ್ ಬಂದಿದ್ದು ಮೂರನೇ ದಿನ. ಅಲ್ಲಿ ನಮ್ಮ ಮನೇಲಿ ಒಲೆ ಕೂಡ ಕರೆಂಟಿಂದೇ, ಮಗಂಗೆ ಹಾಲು ಬಿಸಿ ಮಾಡೋಕೂ ಆಗ್ಲಿಲ್ಲ. ನಿಮಗೆ ಗ್ಯಾಸ್ ಇದೆ, ಅದು ದೊಡ್ಡ ವಿಷಯ. ನಾವು ಕಲ್ತಿದ್ದು ಫ್ರಿಜ್ ಬಾಗಿಲು ತೆಗೀಬಾರ್ದು ಅಂತ, ಮುಚ್ಚೇ ಇದ್ರೆ ಕೆಳಗಿನದು 4 ಗಂಟೆ, ತುಂಬಿರೋ ಫ್ರೀಜರ್ 48 ಗಂಟೆವರೆಗೂ ತಡ್ಕೊಳ್ಳುತ್ತೆ. ನಿಮ್ಮ ಫ್ರಿಜ್ ಆ 4 ಗಂಟೆ ಯಾವಾಗ್ಲೋ ದಾಟಿದೆ, ಹಾಲು, ಉಳಿದ ಸಾರು, ಪಲ್ಯ ಎಲ್ಲಾ ಚೆಲ್ಲಿಬಿಡಿ, ಅಮ್ಮಂಗೆ ಈಗ ಹೊಟ್ಟೆ ಕೆಟ್ರೆ ಶುಗರ್ ಹಿಡಿಯೋಕಾಗಲ್ಲ. ದಿನಾ ಬೇಕಾದಷ್ಟೇ ಹಾಲು ತಂದು ಕಾಯ್ಸಿ. ಫೋನಲ್ಲಿ ಡೇಟಾ ಆಫ್ ಮಾಡಿ, ಗಂಟೆಗೊಂದ್ಸಲ ಆನ್ ಮಾಡಿ ನೋಡಿ, ಸಿಗ್ನಲ್ ಹುಡುಕ್ತಾನೇ ಅರ್ಧ ಬ್ಯಾಟರಿ ಹೋಗುತ್ತೆ. ಕಾರಲ್ಲಿ ಚಾರ್ಜ್ ಹಾಕೋದಾದ್ರೆ ಕಾರು ಬಯಲಲ್ಲಿರ್ಲಿ, ಮುಚ್ಚಿದ ಗ್ಯಾರೇಜಲ್ಲಿ ಇಂಜಿನ್ ಓಡಿಸ್ಬೇಡಿ, ಜನರೇಟರೂ ಅಷ್ಟೇ, ಕಿಟಕಿ ಹತ್ರಾನೂ ಬೇಡ. ಆ ಹೊಗೇಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೇನೇ ಇಲ್ಲ, ಗೊತ್ತಾಗೋ ಮುಂಚೆ ಮನುಷ್ಯ ಮಲಗಿರ್ತಾನೆ.

—

ಹನುಮಂತನಗರ_ಮಗಳು
ಮಧ್ಯಾಹ್ನ 1:15

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಾರ್ ನಿಮ್ಮ ಮಾತು ಓದಿದ ತಕ್ಷಣ ಓಡಿದೆ, ಏಳು ಮಕ್ಕಳಿದ್ರು, ಒಬ್ಬನ ಕೈಲಿದ್ದ ಕತ್ತಿಕಾಯಿ ವೈರಿಗೆ ಒಂದು ಮಾರು ದೂರದಲ್ಲಿತ್ತು. ಇಳಿಸಿ ಮನೆಗೆ ಕಳಿಸಿದೀನಿ, ನನ್ನ ಕೈ ಇನ್ನೂ ನಡುಗ್ತಿದೆ. ಎರಡೂ ಕಡೆ ಹಳೇ ಸೀರೆ ಕಟ್ಟಿದೀವಿ, ಎದುರು ಮನೆ ತಾತ ಕುರ್ಚಿ ಹಾಕ್ಕೊಂಡು ಕೂತಿದಾರೆ. ಎರಡು ನಂಬರಿಗೂ ಹೇಳಿದೀನಿ, ನೀವು ಹೇಳಿದ ಹಾಗೇ. ಅಕ್ಕ, ಮಡಕೆ ಮಾಡಿದೀನಿ, ಬಾಟಲ್ ಉರುಳಿಸಿ ನೋಡ್ದೆ ಗಂಟಿಲ್ಲ, ಅಮ್ಮನ ಶುಗರ್ 168. ಸಂಪಿಂದ ನೀರು ಹಗ್ಗ ಕಟ್ಟಿ ಬಕೆಟಲ್ಲಿ ಸೇದ್ತಿದೀವಿ ಆದ್ರೆ ನೀರು ಸ್ವಲ್ಪ ಮಣ್ಣು ಬಣ್ಣ ಇದೆ, ಕುಡೀಬಹುದಾ?

—

ವಾರ್ಡ್_ಅಕ್ಕ
ಮಧ್ಯಾಹ್ನ 1:32

168 ಪರವಾಗಿಲ್ಲ. ಆ ನೀರು ಕುಡಿಯೋಕೆ ಅಡುಗೆಗೆ ಬೇಡ, ರೋಡ್ ನೀರು ಸಂಪಿಗೆ ಇಳಿದಿದೆ, ಅದರಲ್ಲಿ ಚರಂಡಿನೂ ಇರುತ್ತೆ. ಟಾಯ್ಲೆಟ್‌ಗೆ, ನೆಲ ಒರೆಸೋಕೆ ಮಾತ್ರ. ಕುಡಿಯೋಕೆ ಕ್ಯಾನ್ ತರ್ಸಿ, ಎಲ್ಲೂ ಸಿಗ್ಲೇ ಇಲ್ಲ ಅಂದ್ರೆ ಪಕ್ಕದ ರೋಡವರ ಟ್ಯಾಂಕಿಂದ ತಂದು ಕುದಿಸಿ. ಯಾರೂ ಸಂಪ್ ಒಳಗೆ ಇಳಿಯೋಕೆ ಹೋಗ್ಬೇಡಿ ದಯವಿಟ್ಟು, ಒಳಗೆ ಉಸಿರಾಡೋ ಗಾಳಿ ಇರಲ್ಲ, ಸೇದಿದ ಮೇಲೆ ಮುಚ್ಚಳ ಹಾಕಿ.

—

ಹನುಮಂತನಗರ_ಮಗಳು
ರಾತ್ರಿ 9:50

ಮರ ಕಡಿದು ಹೋದ್ರು, ಹೊಸ ಕಂಬ ನಿಲ್ಲಿಸಿದಾರೆ, ಎಂಟು ಗಂಟೆಗೆ ತಂತಿ ಎಳೆದ್ರು, ಮೇಲೆ ಇದ್ದ ಹುಡುಗ ಹಣೆಗೆ ಟಾರ್ಚ್ ಕಟ್ಕೊಂಡು ಒಂದೂವರೆ ಗಂಟೆ ಇಳೀಲೇ ಇಲ್ಲ. ಎರಡು ಫೇಸ್ ಬಂದಿದೆ, ನಮ್ಮದು ಮೂರನೇದು, ಬೆಳಿಗ್ಗೆ ಆಗುತ್ತೆ ಅಂದ್ರು. ಎದುರು ಮನೆ ತಾತಂಗೆ ಬಂದಿದೆ, ಮೊದಲು ಒಂದೇ ಬಲ್ಬ್ ಹಾಕಿ ನೋಡಿ ಅಂತ ನಾನೇ ಹೋಗಿ ನಿಂತು ಹಾಕಿಸ್ದೆ, ಒಂದೇ ಸಮ ಉರೀತು. ಇನ್ಸುಲಿನ್ ಮೂರು ಬಾಟಲ್ ಈಗ ಅವರ ಫ್ರಿಜ್‌ನಲ್ಲಿದೆ, ಫ್ರೀಜರಿಂದ ದೂರ, ಬಾಗಿಲ ಕಡೆ. ನಮ್ಮ ಮೇನ್ ಆಫ್ ಮಾಡಿದೀನಿ. ಅಮ್ಮ ಮಲ್ಕೊಂಡ್ರು.